ಬಲಗಾಲಿನ ಆರ್‌ಡಿ

ದೊಡ್ಡ ಖರ್ಚಿಗೆ ಮಂಡೆ ಬಿಸಿ ಇಲ್ಲದೆ ದುಡ್ಡು ಕೂಡಿಡುದು ಹೇಗೆ ಅಂತ ನನ್ನ ಹತ್ರ ಆಗಾಗ ಕೇಳ್ತಾರೆ. ಗಂಡ ಬ್ಯಾಂಕಲ್ಲಿ ಇದ್ದಾರೆ, ಹಾಗಾಗಿ ಹೆಂಡತಿಗೂ ಗೊತ್ತಿರ್ತದೆ ಅಂತ ಜನರ ಅಂದಾಜು. ಉತ್ತರ ತುಂಬ ಸುಲಭ. ಒಂದು ಆರ್‌ಡಿ ತೆಗೀರಿ, ತಿಂಗಳು ತಿಂಗಳು ಕಟ್ಟುವ ಡಿಪಾಸಿಟ್. ಸಂಬಳ ಬಂದ ಮರುದಿನ ಅದರ ಪಾಡಿಗೆ ಅದು ಕಟ್ ಆಗುವ ಹಾಗೆ ಮಾಡಿ. ಆರು ತಿಂಗಳಾದ ಮೇಲೆ ಕಟ್ ಆಗ್ತಾ ಉಂಟು ಅಂತ ನಿಮಗೇ ನೆನಪಿರುದಿಲ್ಲ. ಇಷ್ಟೇ.

ನಾವೂ ಹೀಗೇ ಮಾಡಿದ್ದು. ಎರಡೂವರೆ ವರ್ಷ ನಮಗೆ ಒಂದು ದಿನವೂ ಮಂಡೆ ಬಿಸಿ ಆಗ್ಲಿಲ್ಲ. ಆದದ್ದೆಲ್ಲ ನಮ್ಮ ಅತ್ತೆಗೆ. ಅದನ್ನು ಯಾರೂ ಕೇಳುದಿಲ್ಲ, ಹಾಗಾಗಿ ನಾನೇ ಹೇಳ್ತೇನೆ.

ನಾವು ಕರಾವಳಿಯವರು. ಕಲ್ಕತ್ತಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು. ಇವರಿಗೆ ವರ್ಗ ಆಗಿ ಬಂದದ್ದು. ಆಮೇಲೆ ಇವರು ಆಚೆ ಈಚೆ ಹೋಗಿ ಬಂದ್ರೂ ಮಗಳ ಶಾಲೆ, ನನ್ನ ಕೆಲಸ ಅಂತ ಮನೆ ಮಾತ್ರ ಸಾಲ್ಟ್ ಲೇಕಿನಲ್ಲೇ ಉಳೀತು. ನಾನು ಒಂದು ಶಾಲೆಯ ಆಫೀಸಿನಲ್ಲಿ ಇದ್ದೇನೆ. ಮಗಳಿಗೆ ಈಗ ಇಪ್ಪತ್ತು, ನ್ಯೂ ಟೌನ್ ಕಡೆ ಕಾಲೇಜು. ನಮ್ಮದು ಎರಡನೇ ಮಹಡಿ. ಲಿಫ್ಟ್ ಇಲ್ಲ. ಮೂವತ್ತೆಂಟು ಮೆಟ್ಟಿಲು. ಈ ಸಂಖ್ಯೆ ನನಗೆ ಮೊದ್ಲು ಗೊತ್ತಿರ್ಲಿಲ್ಲ, ಅತ್ತೆ ಹೇಳಿ ಗೊತ್ತಾದದ್ದು.

ಮಾವ ತೀರಿಹೋದ ಮೇಲೆ ಅತ್ತೆ ಎರಡು ಪೆಟ್ಟಿಗೆ, ಕಾಯಿ ತುರಿಯುವ ಒಂದು ಹೆರೆಮಣೆ ಹಿಡ್ಕೊಂಡು ನಮ್ಮಲ್ಲಿಗೆ ಬಂದ್ರು. ಭಾಷೆ ಬರುದಿಲ್ಲ, ಎಂತ ಮಾಡ್ತಾರೋ ಅಂತ ನಾನು ಹೆದರಿದ್ದೆ. ಮೂರೇ ತಿಂಗಳಲ್ಲಿ ಪಾರ್ಕಿನಲ್ಲಿ ಅವರದ್ದೊಂದು ಬೆಂಚು ಆಯ್ತು. ಬೆಳಿಗ್ಗೆ ಆರೂವರೆಗೆ ಇಳಿದು ಹೋದ್ರೆ ಎಂಟಕ್ಕೆ ವಾಪಸು. ಬೆಂಚಿನಲ್ಲಿ ನಾಲ್ಕು ಬಂಗಾಳಿ ಹೆಂಗಸ್ರು, ನಡುವಿನಲ್ಲಿ ಇವರು. ಅವರು ಬಂಗಾಳಿ, ಇವರು ಕನ್ನಡಕ್ಕೆ ಹಿಂದಿಯ ಬಾಲ ಕಟ್ಟಿದ ಒಂದು ಭಾಷೆ. ವಿಷಯ ಮಾತ್ರ ಒಂದೇ, ಸೊಸೆಯಂದಿರು. ಹಾಗಾಗಿ ಅರ್ಥ ಆಗದೆ ಇರುವ ಪ್ರಶ್ನೆಯೇ ಇಲ್ಲ.

ನಂತರ ಬಲಗಾಲು ಶುರುವಾಯ್ತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಅತ್ತೆ ಹತ್ರ, "ಈಗಲೇ ಬೇಡ ಮಾಶಿಮಾ, ಮಾತ್ರೆ ವ್ಯಾಯಾಮದಲ್ಲಿ ಇನ್ನೂ ಒಂದು ಮೂರು ವರ್ಷ ತಳ್ಳಬಹುದು. ಆದ್ರೆ ಒಂದು ದಿನ ಮೊಣಕಾಲು ಬದಲಾಯಿಸ್ಲೇಬೇಕು. ನೋವು ಜಾಸ್ತಿ ಆದ್ರೆ ಕಾಯಬೇಡಿ, ಬನ್ನಿ" ಅಂದ್ರು. ಈ ಕೊನೆಯ ವಾಕ್ಯ ನಾವು ಯಾರೂ ಕೇಳಿಸ್ಕೊಳ್ಳಲೇ ಇಲ್ಲ. ಮನೆಗೆ ಬರುವಾಗ ಕಾರಿನಲ್ಲಿ ನಮ್ಮ ತಲೇಲಿ ಇದ್ದದ್ದು ಒಂದೇ, ಮೂರು ವರ್ಷ. ಮೂವತ್ತಾರು ತಿಂಗಳು. ಬ್ಯಾಂಕಿನವರ ಮನೆಯಲ್ಲಿ ಮೂರು ವರ್ಷ ಅಂದ್ರೆ ಅದು ಕಾಲಿನ ಅವಧಿ ಅಲ್ಲ, ಡಿಪಾಸಿಟಿನ ಅವಧಿ.

ಆ ವಾರವೇ ಆರ್‌ಡಿ ತೆಗೆದದ್ದು. ಇವರದ್ದೊಂದು ಪಾಲು, ನನ್ನದೊಂದು ಪಾಲು. ಅತ್ತೆ ಹಠ ಮಾಡಿ ತಮ್ಮ ಪೆನ್ಶನಿನಿಂದ ಸ್ವಲ್ಪ ಸೇರಿಸಿದ್ರು. ಇನ್ಶೂರೆನ್ಸ್ ಇತ್ತು, ಆದ್ರೆ ಅದು ಅರ್ಧಕ್ಕೆ ಸಾಕಾಗುವಷ್ಟೇ. ಉಳಿದದ್ದಕ್ಕೆ ಇದು. ಮತ್ತೆ ಒಂದು ಜಾಣತನ ಮಾಡಿದೆವು. ಖಾತೆ ಅತ್ತೆಯ ಒಬ್ಬರದ್ದೇ ಹೆಸರಲ್ಲಿ ತೆಗೆದೆವು. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ. ಅದನ್ನು ಬಿಡುದುಂಟಾ? ಇವರು ಫಾರ್ಮ್ ತಂದು ಅಮ್ಮನ ಎದುರಿಗೆ ಇಟ್ಟು ಹೇಳಿದ ಮಾತು ನನಗೆ ಈಗಲೂ ನೆನಪುಂಟು.

"ಇಲ್ಲಿ ಸೈನ್ ಮಾಡಿ ಮರೆತುಬಿಡಿ. ಮೂರು ವರ್ಷ ಯಾರೂ ಇದರ ವಿಷಯ ಮಾತಾಡುದು ಬೇಡ. ಯಾರಿಗೂ ಟೆನ್ಶನ್ ಬೇಡ."

"ಆಯ್ತು ಮಗಾ," ಅಂದ್ರು ಅತ್ತೆ. "ಯಾರಿಗೂ ಬೇಡ."

ನಮ್ಮ ಮನೆಯಲ್ಲಿ ಡಿಪಾಸಿಟ್ ಅಂದ್ರೆ ಎಂತ ಅಂತ ನಿಮಗೆ ಗೊತ್ತಾಗಬೇಕಾದ್ರೆ ಮಾವನ ಫ್ರಿಜ್ಜಿನ ಕಥೆ ಹೇಳಬೇಕು. ಮಾವ ಬ್ಯಾಂಕಲ್ಲಿ ಕ್ಯಾಶಿಯರ್ ಆಗಿದ್ದವರು. ಅವರ ಲೆಕ್ಕದಲ್ಲಿ ಎರಡೇ ದೊಡ್ಡ ತಪ್ಪು, ಒಂದು ಸುಳ್ಳು ಸಾಕ್ಷಿ, ಇನ್ನೊಂದು ಅವಧಿಗೆ ಮೊದ್ಲು ಡಿಪಾಸಿಟ್ ಮುರಿಯುದು. ಫ್ರಿಜ್ ತಗೊಳ್ಳಲಿಕ್ಕೆ ಅಂತ ಒಂದು ಡಿಪಾಸಿಟ್ ಇಟ್ಟಿದ್ರಂತೆ. ಆ ವರ್ಷ ಬೇಸಿಗೆ ಹೇಳಿದ್ರೆ ಬೆಂಕಿ. ಬೇಯಿಸಿದ್ದು ಸಂಜೆಗೆ ಹುಳಿ. ದುಡ್ಡು ಬ್ಯಾಂಕಲ್ಲಿ ಉಂಟು, ಫ್ರಿಜ್ ಅಂಗಡಿಯಲ್ಲಿ ಉಂಟು, ಆದ್ರೆ ಅವಧಿ ಮುಗಿಯುದು ನವೆಂಬರಿಗೆ. ಮಾವ ಕಾದ್ರು. ಫ್ರಿಜ್ ಬಂದದ್ದು ನವೆಂಬರಿಗೆ, ತಣ್ಣೀರು ಯಾರಿಗೂ ಬೇಡದ ಹೊತ್ತಿಗೆ. ಈ ಕಥೆ ನಮ್ಮಲ್ಲಿ ಪ್ರತಿ ವರ್ಷ ಒಮ್ಮೆಯಾದ್ರೂ ಆಗ್ತದೆ. ಎಲ್ಲರೂ ನಗ್ತೇವೆ. ಇವರು ನಗ್ತಾ ನಗ್ತಾ, "ಆದ್ರೆ ಒಂದು ಪೈಸೆ ಬಡ್ಡಿ ಬಿಡ್ಲಿಲ್ಲ ನೋಡು" ಅಂತ ಸೇರಿಸ್ತಾರೆ. ತಮಾಷೆಗೆ ಹೇಳ್ತಾರೆ ಅಂತ ನಾನು ತಿಳ್ಕೊಂಡಿದ್ದೆ.

ಮೊದಲ ಎರಡು ವರ್ಷ ಹೇಳುವಂಥದ್ದು ಎಂತ ಇಲ್ಲ. ದುಡ್ಡು ಕಟ್ ಆಗ್ತಿತ್ತು, ಅತ್ತೆ ಪಾರ್ಕಿಗೆ ಹೋಗ್ತಿದ್ರು. ನಾವು ಒಂದು ಎಸಿ ತಗೊಳ್ಳುದನ್ನು ಮುಂದಕ್ಕೆ ಹಾಕಿದೆವು, ಅಷ್ಟೇ. ಬ್ಯಾಂಕಿನವರು ಕೊಡುವ ಕ್ಯಾಲೆಂಡರ್ ಅತ್ತೆಯ ಮಂಚದ ತಲೆ ಹತ್ರ ಇತ್ತು. ಪ್ರತಿ ತಿಂಗಳು ಐದನೇ ತಾರೀಕಿಗೆ ಪೆನ್ನಿನಲ್ಲಿ ಒಂದು ಗೀಟು. ನನಗೆ ಅದು ಹಾಲಿನ ಗೀಟು ಅಂತ ಕಂಡಿತ್ತು. ಹಾಲು ಪ್ಯಾಕೆಟಿನಲ್ಲಿ ಬರ್ತದೆ, ಗೀಟು ಎಂತಕ್ಕೆ ಅಂತ ನಾನು ಯೋಚನೆ ಮಾಡ್ಲಿಲ್ಲ.

ಮೂರನೇ ವರ್ಷಕ್ಕೆ ಬರುವಾಗ ಪಾರ್ಕಿಗೆ ಹೋಗುದು ನಿಂತಿತು.

"ಎಂತ ಅತ್ತೆ, ಇವತ್ತು ಹೋಗ್ಲಿಲ್ವಾ?"

"ಆ ಹೆಂಗಸ್ರದ್ದು ಸಾಕಾಯ್ತು ಮಾರಾಯ್ತಿ. ದಿನಾ ಸೊಸೆ, ಸೊಸೆ, ಸೊಸೆ. ನನಗೆ ಹೇಳ್ಲಿಕ್ಕೆ ಹೊಸತು ಎಂತ ಉಳಿದಿಲ್ಲ."

"ನನ್ನ ವಿಷಯ ಎಲ್ಲ ಮುಗಿಸಿದ್ರಾ?"

"ನಿಂದು ಎರಡನೇ ವಾರಕ್ಕೇ ಮುಗ್ದಿತ್ತು."

ನಾನು ನಕ್ಕು ಬಸ್ಸಿಗೆ ಓಡಿದೆ. ಹೊತ್ತಾಗಿತ್ತು.

ವರ್ಷಕ್ಕೊಮ್ಮೆ ಕಾಳಿಘಾಟಿಗೆ ಕರ್ಕೊಂಡು ಹೋಗುದು ನಮ್ಮ ಕ್ರಮ. ಆ ಸಲ, "ಅಲ್ಲಿ ಎಂತ ನೂಕು ಮಾರಾಯ್ತಿ, ದೇವಿಗೆ ನಾನು ಯಾರು ಅಂತ ಗೊತ್ತುಂಟು, ಪ್ರತಿ ವರ್ಷ ಮುಖ ತೋರಿಸ್ಬೇಕಾ?" ಅಂದ್ರು. ಅದೂ ಸರಿ ಅಂತ ಕಂಡಿತು. ನಿಜ ಹೇಳ್ಬೇಕಾದ್ರೆ ನನಗೂ ಒಂದು ರಜೆ ಉಳೀತು.

ಆಮೇಲೆ ಪೂಜೋ ಬಂತು, ಇಲ್ಲಿಯವರ ದಸರಾ. ನಮ್ಮ ಬ್ಲಾಕಿನ ಪೆಂಡಾಲಿನಲ್ಲಿ ಅಷ್ಟಮಿಯ ಪುಷ್ಪಾಂಜಲಿಗೆ ಅತ್ತೆ ಮೊದಲ ಸಾಲು. ಬಂಗಾಳಿ ಮಂತ್ರ ಉಚ್ಚಾರಕ್ಕೆ ಮುಖ ಸಿಂಡರಿಸ್ಕೊಂಡೇ ಹೂ ಹಾಕುವವರು. ಆ ವರ್ಷ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತ್ರು. "ಡೋಲು ಇಲ್ಲಿಗೇ ಕೇಳ್ತದೆ" ಅಂದ್ರು. ಬೆಂಚಿನ ನಾಲ್ವರು ಹೆಂಗಸ್ರು ಕೆಂಪು ಅಂಚಿನ ಸೀರೆ ಉಟ್ಟು ಕೆಳಗಿನಿಂದ ಕೈ ಬೀಸಿ ಕರೆದ್ರು. ಇವರೂ ಕೈ ಬೀಸಿದ್ರು. ಅದರಲ್ಲಿ ಒಬ್ಬರು ಮೇಲೆ ಬಂದು ಪ್ರಸಾದ ಕೊಟ್ಟು, ನನ್ನನ್ನು ಒಂದು ಥರ ನೋಡಿ ಹೋದ್ರು. ನಾನೇ ಅತ್ತೆಯನ್ನು ಕಟ್ಟಿಹಾಕಿದ್ದೇನೆ ಅನ್ನುವ ಹಾಗೆ. ನನಗೆ ಸಿಟ್ಟು ಬಂತು. ಆ ಸಿಟ್ಟಿನ ಬದಲು ಸ್ವಲ್ಪ ಬುದ್ಧಿ ಬಂದಿದ್ರೆ ಒಳ್ಳೇದಿತ್ತು.

ಇನ್ನೊಂದು ಸಣ್ಣ ವಿಷಯ. ನಮ್ಮದು ಹಳೆಯ ಮೊಸಾಯಿಕ್ ನೆಲ. ಅಡಿಗೆಮನೆಯಿಂದ ಬಚ್ಚಲುಮನೆವರೆಗೆ ಕಪ್ಪು ಕಪ್ಪು ಗೆರೆ ಬೀಳ್ಲಿಕ್ಕೆ ಶುರುವಾಗಿತ್ತು. ನಾನು ಮಗಳ ಬೂಟಿನದ್ದು ಅಂತ ಅವಳಿಗೆ ಬೈದೆ.

"ಮನೆ ಒಳಗೆ ಬೂಟು ಹಾಕ್ಬೇಡ ಅಂತ ಎಷ್ಟು ಸಲ ಹೇಳುದು?"

"ಮೈ ನಹೀ ಹಾಕ್ತೇನೆ ಅಮ್ಮಾ," ಅಂದ್ಳು. ಅವಳ ಕನ್ನಡ ಹಾಗೆಯೇ. ಆದ್ರೆ ಅಷ್ಟು ಹೇಳಿ ಸುಮ್ಮನಾದ್ಳು. ಯಾವಾಗ್ಲೂ ಒಂದಕ್ಕೆ ಹತ್ತು ಮಾತಾಡುವವಳು. ಅದೂ ನನ್ನ ತಲೆಗೆ ಹೋಗ್ಲಿಲ್ಲ.

ಪೂಜೋ ಮುಗಿದು ಶಾಲೆ ಮತ್ತೆ ಶುರುವಾದ ವಾರ, ನೀರಿನ ಪೈಪ್ ಒಡೆದು ಶಾಲೆಗೆ ಅರ್ಧ ದಿನ ರಜೆ ಕೊಟ್ರು. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದೆ. ನನ್ನ ಹತ್ರ ಬೀಗದ ಕೈ ಇತ್ತು, ಬೆಲ್ ಮಾಡ್ಲಿಲ್ಲ. ಬಾಗಿಲು ತೆಗೆದ್ರೆ ಎದುರಿಗೆ ಅತ್ತೆ. ಇವರ ಕಂಪ್ಯೂಟರ್ ಟೇಬಲಿನ ಚಕ್ರದ ಕುರ್ಚಿಯಲ್ಲಿ ಕೂತಿದ್ದಾರೆ. ತೊಡೆ ಮೇಲೆ ಅನ್ನದ ತಟ್ಟೆ. ಒಂದು ಕೈ ಗೋಡೆ ಮೇಲೆ. ಎಡಗಾಲಿನಲ್ಲಿ ನೆಲ ಒದ್ದು ಅಡಿಗೆಮನೆಯಿಂದ ಹಾಲಿಗೆ ದೋಣಿ ಬಿಟ್ಟ ಹಾಗೆ ಬರ್ತಾ ಇದ್ದಾರೆ.

ನನ್ನನ್ನು ನೋಡಿ ಗೋಡೆ ಹಿಡ್ಕೊಂಡು ನಿಲ್ಲಿಸಿದ್ರು.

"ಇದೆಂತ ಅತ್ತೆ?"

"ಎಂತ ಇಲ್ಲ. ಸುಮ್ನೆ. ಚಕ್ರ ಸರಿ ಉಂಟಾ ಅಂತ ನೋಡಿದೆ."

"ಅನ್ನದ ತಟ್ಟೆ ಇಟ್ಕೊಂಡಾ?"

ನಾನು ತಟ್ಟೆ ತಗೊಂಡು ಟೇಬಲಿನಲ್ಲಿ ಇಟ್ಟೆ. "ಎದ್ದು ನಾಲ್ಕು ಹೆಜ್ಜೆ ನಡೀರಿ, ನಾನು ನೋಡ್ಬೇಕು" ಅಂದೆ. ಎದ್ರು. ಬಲಗಾಲು ನೇರ ಆಗ್ಲಿಲ್ಲ. ಎರಡು ಹೆಜ್ಜೆಗೆ ಮುಖ ಬೆವರಿತು. ನಾನು ಕುರ್ಚಿ ಹಿಂದಿನಿಂದ ತಳ್ಳಿದೆ, ಅವರು ಕೂತ್ರು.

"ಎಷ್ಟು ದಿನದಿಂದ?"

"ದಿನ ಅಂತ ಎಂತ ಇಲ್ಲ."

ತಿಂಗಳು ಅಂತ ಇತ್ತು. ಎಂಟು ತಿಂಗಳು. ಅಷ್ಟರಲ್ಲಿ ಮಗಳು ಬಂದ್ಳು. ನಮ್ಮಿಬ್ಬರ ಮುಖ ನೋಡಿದ ಕೂಡ್ಲೇ, "ಅಜ್ಜೀ, ಐ ಡಿಡ್‌ನಾಟ್ ಟೆಲ್ ಹಾಂ, ಅಮ್ಮ ಖುದ್ ದೇಖಾ!" ಅಂತ ತನ್ನ ಜಾಮೀನು ತಾನೇ ತಗೊಂಡ್ಳು. ಅವಳಿಗೆ ಮೊದಲಿಂದ್ಲೂ ಗೊತ್ತಿತ್ತು. ಸಂಜೆ ನಾವು ಬರುವ ಮೊದ್ಲು ಕುರ್ಚಿಯನ್ನು ವಾಪಸ್ ಟೇಬಲ್ ಹತ್ರ ಇಡುದು ಅವಳದ್ದೇ ಡ್ಯೂಟಿ. ಅಜ್ಜಿ ಆಣೆ ಹಾಕಿಸಿದ್ರಂತೆ, ಏಪ್ರಿಲ್ ಐದರವರೆಗೆ ಬಾಯಿ ಬಿಡಬಾರ್ದು ಅಂತ.

"ಏಪ್ರಿಲ್ ಐದಕ್ಕೆ ಎಂತ ಉಂಟು?" ಅಂತ ಕೇಳಿ, ಕೇಳುವಾಗಲೇ ನನಗೆ ಗೊತ್ತಾಯ್ತು. ಎದ್ದುಹೋಗಿ ಕ್ಯಾಲೆಂಡರ್ ನೋಡಿದೆ. ಹಾಲಿನ ಗೀಟು ಅಲ್ಲ. ಆರ್‌ಡಿಯ ಕಂತು. ಇನ್ನು ಐದು ಬಾಕಿ.

ಇವರು ಆಫೀಸಿಂದ ಬಂದ್ರು. ಮೊದ್ಲು ನಂಬ್ಲಿಲ್ಲ, ಆಮೇಲೆ ಅಮ್ಮನನ್ನು ನಡೆಸಿ ನೋಡಿದ್ರು, ಆಮೇಲೆ ಬೈದ್ರು. ಮರುದಿನ ಡಾಕ್ಟರ ಹತ್ರ ಕರ್ಕೊಂಡು ಹೋದೆವು. ಮೆಟ್ಟಿಲು ಇಳಿಸಿದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇವರು ಮತ್ತು ಕೆಳಗಿನ ಮನೆಯವರು ಹೊತ್ಕೊಂಡು. ಅತ್ತೆ ಕಣ್ಣು ಮುಚ್ಚಿ ಮೆಟ್ಟಿಲು ಎಣಿಸ್ತಾ ಇದ್ರು.

ಡಾಕ್ಟರು ಜೋರು ಮಾಡ್ಲಿಲ್ಲ, ಅದೇ ಕಷ್ಟ ಆದದ್ದು. ಎಕ್ಸ್‌ರೇ ಬೆಳಕಿಗೆ ಹಿಡಿದು, "ಯಾಕೆ ಇಷ್ಟು ಕಾದ್ರಿ?" ಅಂತ ಕೇಳಿದ್ರು. ಡಿಪಾಸಿಟಿಗೆ ಅಂತ ಹೇಗೆ ಹೇಳುದು? ಕಾಲು ಉಪಯೋಗ ಇಲ್ಲದೆ ತೊಡೆಯ ಮಾಂಸ ಕರಗಿದೆ, ಎಲ್ಲ ಭಾರ ಹೊತ್ತು ಎಡಗಾಲೂ ಹಾಳಾಗ್ಲಿಕ್ಕೆ ಹೊರಟಿದೆ ಅಂದ್ರು. ಆಪರೇಶನ್ ಈಗಲೂ ಆಗ್ತದೆ. ಮನೆ ಒಳಗೆ ನಡೀತಾರೆ. ಮೆಟ್ಟಿಲು ಮಾತ್ರ ಗ್ಯಾರಂಟಿ ಕೊಡ್ಲಿಕ್ಕೆ ಆಗುದಿಲ್ಲ. ಇನ್ನೂ ಐದು ತಿಂಗಳು ಬಿಟ್ರೆ ಮೆಟ್ಟಿಲಿನ ಆಸೆ ಬಿಡಿ.

ಎರಡನೇ ಮಹಡಿಯವರಿಗೆ ಮೆಟ್ಟಿಲಿನ ಆಸೆ ಬಿಡುದು ಅಂದ್ರೆ ಪಾರ್ಕು ಬಿಡುದು, ಬೆಂಚು ಬಿಡುದು, ನೆಲ ಬಿಡುದು. ಅತ್ತೆಗೆ ಅದು ಅರ್ಥ ಆಯ್ತು.

ಆದ್ರೂ ಡಿಪಾಸಿಟ್ ಮುರಿಯುವ ಫಾರ್ಮಿಗೆ ಸೈನ್ ಮಾಡ್ಲಿಕ್ಕೆ ಒಪ್ಪಲಿಲ್ಲ!

ಇಲ್ಲಿ ನಮ್ಮ ಜಾಣತನ ನಮಗೇ ತಿರುಗಿತು. ಅರ್ಧ ಪರ್ಸೆಂಟಿನ ಆಸೆಗೆ ಅವರ ಒಬ್ಬರದ್ದೇ ಹೆಸರಲ್ಲಿ ತೆಗೆದ ಖಾತೆ. ಅವರ ಸೈನ್ ಇಲ್ಲದೆ ಮಗ ಎಷ್ಟು ದೊಡ್ಡ ಆಫೀಸರ್ ಆದ್ರೂ ಮುರೀಲಿಕ್ಕೆ ಆಗುದಿಲ್ಲ. ಬೇರೆ ದುಡ್ಡು ಇರ್ಲಿಲ್ವಾ ಅಂತ ಕೇಳ್ಬಹುದು. ಇತ್ತು. ಆದ್ರೆ ನಮ್ಮ ಮನೆಯಲ್ಲಿ ಪ್ರತಿ ದುಡ್ಡಿಗೂ ಒಂದು ಹೆಸರುಂಟು. ಅದು ಮಗಳ ಫೀಸು. ಅದನ್ನು ಮುಟ್ಟಿದ್ರೆ ನಾನು ಆಪರೇಶನ್ ಟೇಬಲಿಗೆ ಹತ್ತುದೇ ಇಲ್ಲ ಅಂದ್ರು ಅತ್ತೆ.

ಇವರು ಡಿಪಾಸಿಟ್ ಮೇಲೆ ಸಾಲ ತೆಗೆಯುವ ಅಂದ್ರು. ಬ್ಯಾಂಕಿನವರ ಬುದ್ಧಿ.

"ಸಾಲ ಮಾಡಿ ಕಾಲು ಮಾಡಿಸ್ಕೊಳ್ಳಬೇಕಾ? ನಿನ್ನ ಅಪ್ಪ ಇದ್ದಿದ್ರೆ ಎಂತ ಹೇಳ್ತಿದ್ರು?"

"ಹಾಗಾದ್ರೆ ಮುರಿಯುವ ಅಮ್ಮಾ. ಎಷ್ಟು ಹೋಗ್ತದೆ ಅಂತ ಗೊತ್ತುಂಟಾ ನಿಮಗೆ?" ಇವರು ಫೋನಿನಲ್ಲೇ ಲೆಕ್ಕ ಮಾಡಿದ್ರು. "ಒಂದು ಇಲಿಶ್ ಮೀನು. ಒಂದೂವರೆ ಕಿಲೋದ್ದು. ಅಷ್ಟೇ ನಷ್ಟ."

ಅತ್ತೆ ಫೋನ್ ನೋಡ್ಲೇ ಇಲ್ಲ. "ಬಡ್ಡಿ ನನಗೆ ಗೊತ್ತಿಲ್ವಾ? ನಾನು ಕ್ಯಾಶಿಯರನ ಹೆಂಡತಿ. ಬಡ್ಡಿಯ ಮಾತಲ್ಲ. ಮೂರು ವರ್ಷ ಅಂತ ನೀನೇ ಹೇಳಿದ್ದು. ಯಾರಿಗೂ ಟೆನ್ಶನ್ ಬೇಡ ಅಂತ ನೀನೇ ಹೇಳಿದ್ದು. ಎಲ್ಲರೂ ಹಾಯಾಗಿದ್ರಿ. ನಾನು ನಡುವಿನಲ್ಲಿ ಅಯ್ಯೋ ಕಾಲು ಅಂತ ಎದ್ದು ನಿಂತ್ರೆ ನಿಮ್ಮ ನೆಮ್ಮದಿ ಹೋಗ್ತಿತ್ತಲ್ವಾ?"

ಇವರು ಎದ್ದು ಬಾಲ್ಕನಿಗೆ ಹೋದ್ರು. ನಾನು ಫಾರ್ಮು ಹಿಡ್ಕೊಂಡು ಅಲ್ಲೇ ಕೂತೆ. ಆ ದಿನ ಸೈನ್ ಆಗ್ಲಿಲ್ಲ. ಮರುದಿನವೂ ಆಗ್ಲಿಲ್ಲ. ಮಗಳು ಅತ್ತು ನೋಡಿದ್ಳು. ಅತ್ತೆ ಅವಳಿಗೆ ಮೂಗು ಒರೆಸ್ಲಿಕ್ಕೆ ಸೆರಗು ಕೊಟ್ರು, ಸೈನ್ ಕೊಡ್ಲಿಲ್ಲ.

ಮೂರನೇ ದಿನ ಭಾನುವಾರ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನಾನು ಬೇರೆ ದಾರಿ ಇಲ್ಲದೆ ಕೇಳಿದೆ.

"ಅತ್ತೆ, ಆ ಫ್ರಿಜ್ ಬಂದದ್ದು ಯಾವ ತಿಂಗಳು?"

"ನವೆಂಬರ್. ನಿನಗೆ ಗೊತ್ತಿಲ್ವಾ?"

"ಆ ಬೇಸಿಗೆಯಲ್ಲಿ ನೀವು ಎಂತ ಮಾಡ್ತಿದ್ರಿ? ಕಥೆಯಲ್ಲಿ ನೀವೇ ಇಲ್ಲ."

"ಎಂತ ಮಾಡುದು? ಬೆಳಿಗ್ಗೆ ಒಮ್ಮೆ ಮೀನಿಗೆ ಹೋಗುದು, ಸಂಜೆ ಒಮ್ಮೆ ಹೋಗುದು. ಬೆಳಿಗ್ಗೆ ತಂದದ್ದು ರಾತ್ರಿಗೆ ಇರ್ತಿರ್ಲಿಲ್ಲ. ನಿನ್ನ ಮಾವನಿಗೆ ಎರಡು ಹೊತ್ತೂ ಹೊಸ ಮೀನೇ ಆಗ್ಬೇಕು. ಮಾರ್ಕೆಟಿಗೆ ಒಂದು ಮೈಲು, ಗುಡ್ಡೆ ಹತ್ತಿ ಇಳೀಬೇಕು. ಬಸುರಿ ಬೇರೆ, ಇವನು ಹೊಟ್ಟೆಯಲ್ಲಿದ್ದ. ಒಂದು ದಿನ ಇಳಿಯುವಾಗ ಬಿದ್ದೆ. ಈ ಕಾಲೇ."

ಬಲಗಾಲಿನ ಮೇಲೆ ಕೈ ಇಟ್ಟು ಹೇಳಿದವರು ಅಲ್ಲೇ ನಿಲ್ಲಿಸಿದ್ರು. ನಲವತ್ತೊಂಬತ್ತು ವರ್ಷ ಈ ಕಥೆ ಕೇಳಿ ನಕ್ಕವರು ಇವರು. ಬಿದ್ದದ್ದು ಇವರಿಗೂ ಗೊತ್ತಿರ್ಲಿಲ್ಲ.

"ಮಾವನಿಗೆ ಹೇಳಿದ್ರಾ?"

"ಹೇಳಿದ್ರೆ ಡಿಪಾಸಿಟ್ ಮುರೀತಿದ್ರು," ಅಂದ್ರು ಅತ್ತೆ. ಒಂದು ತುತ್ತು ಕಲಸಿ, "ಮುರೀತಿದ್ರೋ ಏನೋ" ಅಂದ್ರು.

ಊಟ ಮುಗಿಸಿದ್ರು. ಕೈ ತೊಳೆದ್ರು. ಕುರ್ಚಿಯನ್ನು ತಾವೇ ಒದ್ದು ಟೇಬಲ್ ಹತ್ರ ಹೋದ್ರು. ಈಗ ಯಾರಿಂದ ಅಡಗಿಸ್ಲಿಕ್ಕೆ? ಫಾರ್ಮಿನ ಮೇಲೆ ಸೈನ್ ಮಾಡಿದ್ರು, ಮೂರು ಜಾಗದಲ್ಲಿ, ಶಾಲೆ ಮಕ್ಕಳ ಹಾಗೆ ದುಂಡಗೆ.

"ತಾರೀಕು ನೀನು ಹಾಕು," ಅಂತ ಪೆನ್ನು ನನ್ನ ಕೈಗೆ ಕೊಟ್ರು. "ನವೆಂಬರ್ ಅಂತ ನನ್ನ ಕೈಯಲ್ಲಿ ಬರುದಿಲ್ಲ."

ಡಿಸೆಂಬರಿನಲ್ಲಿ ಆಪರೇಶನ್ ಆಯ್ತು. ಅದರ ವಿವರ ಬೇಡ, ಎಲ್ಲ ಆಪರೇಶನ್ನೂ ಒಂದೇ ಥರ. ಫಿಸಿಯೋದ ಹುಡುಗಿ ಬಂದಾಗಲೆಲ್ಲ ಅತ್ತೆ ಅವಳಿಗೆ ಕನ್ನಡದಲ್ಲಿ ಬೈತಿದ್ರು, ಅವಳು ಅದನ್ನು ಆಶೀರ್ವಾದ ಅಂತ ತಿಳ್ಕೊಂಡು ಇನ್ನೂ ಹತ್ತು ಸಲ ಕಾಲು ಎತ್ತಿಸ್ತಿದ್ಳು. ಜನವರಿಗೆ ವಾಕರ್, ಫೆಬ್ರವರಿಗೆ ಕೋಲು. ಮನೆ ಒಳಗೆ ಸರಿಯಾಯ್ತು. ಮೆಟ್ಟಿಲ ಹತ್ರ ಬಂದ್ರೆ ಕಾಲು ನಿಲ್ತಿತ್ತು.

ಎಡಗಾಲಿಗೂ ಒಂದು ದಿನ ಬೇಕಾಗ್ತದೆ ಅಂತ ಡಾಕ್ಟರು ಹೇಳಿದ್ದಾರೆ. ನಾವು ಮತ್ತೆ ಆರ್‌ಡಿ ತೆಗೆದೆವು. ನಾವು ಮತ್ತೆಂತ ಮಾಡ್ತೇವೆ? ಈ ಸಲ ಒಂದೊಂದೇ ವರ್ಷದ್ದು. ನನ್ನ ಹೆಸರಲ್ಲಿ.

ಏಪ್ರಿಲ್ ಐದು ಬಂತು. ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಮೊದ್ಲೇ ಸುತ್ತು ಹಾಕಿಟ್ಟಿದ್ರು. ಹೊಸ ವರ್ಷದ ಕ್ಯಾಲೆಂಡರ್ ಸಿಕ್ಕಿದ ದಿನವೇ ಹಾಕಿದ್ದಂತೆ, ಆಪರೇಶನ್ ಆದ ಮೇಲೆ. ಬೆಳಿಗ್ಗೆ ಆರೂವರೆಗೆ ಸೀರೆ ಉಟ್ಟು ಬಾಗಿಲ ಹತ್ರ ನಿಂತಿದ್ರು.

"ಎಲ್ಲಿಗೆ?"

"ಇವತ್ತು ಅವಧಿ ಮುಗೀತದಲ್ಲ. ನೋಡುವ."

ನಾನು ಒಂದು ಮೆಟ್ಟಿಲು ಮುಂದೆ ಇಳಿದು ನಿಂತೆ. ಅವರು ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ನನ್ನ ಭುಜ. ಬಲಗಾಲು ಕೆಳಗಿಡುದು, ಎಡಗಾಲು ಅದರ ಪಕ್ಕಕ್ಕೆ ತರುದು. ಪ್ರತಿ ಮೆಟ್ಟಿಲಿಗೂ ಸಂಖ್ಯೆ. ಹತ್ತೊಂಬತ್ತಕ್ಕೆ ಮೊದಲ ಮಹಡಿ. ಅಲ್ಲಿ ಕೆಳಗಿನವರು ಇಟ್ಟ ಸ್ಟೂಲಿನಲ್ಲಿ ಕೂತು ಉಸಿರು ತಗೊಂಡ್ರು.

"ಸಾಕು ಅತ್ತೆ, ಇವತ್ತಿಗೆ ಅರ್ಧ ಆಯ್ತು. ಉಳಿದದ್ದು ಮತ್ತೆ."

"ಆ ಹೊಸ ಆರ್‌ಡಿ ನಿನ್ನ ಹೆಸರಲ್ಲಾ ತೆಗೆದದ್ದು?"

"ಹೌದು."

"ಅರ್ಧ ಪರ್ಸೆಂಟ್ ಹಾಳು ಮಾಡಿದೆ ಮಾರಾಯ್ತಿ," ಅಂದ್ರು. ಎದ್ರು. ನನ್ನ ಭುಜ ಹಿಡಿದು, "ಇಪ್ಪತ್ತು" ಅಂದ್ರು.

ಬೆಂಚಿನಲ್ಲಿ ನಾಲ್ವರೂ ಇದ್ರು. ನನ್ನನ್ನು ಕಂಡು ಮಾತು ನಿಲ್ಲಿಸಿ, ಒತ್ತಿ ಕೂತು ನಡುವಿನಲ್ಲಿ ಜಾಗ ಮಾಡಿದ್ರು. ಅತ್ತೆ ಕೂತು, ಕೋಲು ಬದಿಗಿಟ್ಟು, ನನಗೆ ಕೈ ಮಾಡಿದ್ರು.

"ನೀನು ಹೋಗು ಈಗ. ಎಂಟಕ್ಕೆ ಬಾ. ನೀನು ಇಲ್ಲಿದ್ರೆ ನಾವು ಎಂತ ಮಾತಾಡುದು?"